ಚಿಕ್ಕ ಕೂಗು

ನದಿ ಎಡಕ್ಕಿತ್ತು. ಹಾಗಾಗಿ ಸೈರನಮ್ಮ ಬಲಗಡೆಯ ಬಂಡೆಗೆ ಹೆಗಲು ಉಜ್ಜಿಕೊಂಡೇ ನಡೆಯುತ್ತಿದ್ದಳು. ದಾರಿಯೇನೋ ಇಬ್ಬರು ಜೊತೆಯಾಗಿ ಹೋಗುವಷ್ಟು ಅಗಲವಾಗಿತ್ತು. ನೀರಿನ ಕಡೆಗೆ ಸೊಂಟದೆತ್ತರದ ಮರದ ಬೇಲಿಯಿತ್ತು, ಇನ್ನೂರು ಹೆಜ್ಜೆಗೊಂದು ಬೆಂಚಿತ್ತು. ಆದರೂ ಆಕೆ ಹೊಸ ಬೂಟಿನ ಒಂದೊಂದು ಹೆಜ್ಜೆಯನ್ನೂ ಅಳೆದೂ ಸುರಿದೂ ಇಡುತ್ತಿದ್ದಳು.

"ಅಮ್ಮಾ, ಆ ಬಂಡೆ ಸವೆದುಹೋದೀತು, ಸ್ವಲ್ಪ ಈ ಕಡೆ ಬನ್ನಿ," ಎಂದು ಹಿಂದಿನಿಂದ ಟೈಲರ್ ಕೂಗಿದ. "ನದಿಗೆ ಹಲ್ಲಿಲ್ಲ, ಕಚ್ಚಲ್ಲ."

"ಮೊದಲು ನಿಮ್ಮ ಬಾಯಿಗೆ ಎರಡು ಹೊಲಿಗೆ ಹಾಕ್ಕೊಳ್ಳಿ," ಎಂದಳು ಸೈರನಮ್ಮ. ಎಲ್ಲರೂ ನಕ್ಕರು. ನಗುವವರಿಗೇನು? ಆಕೆಯ ಅಂಗೈ ಬೆವರಿ ಬ್ಯಾಗಿನ ಪಟ್ಟಿ ಜಾರುತ್ತಿದ್ದುದು ಯಾರಿಗೂ ಕಾಣಿಸುತ್ತಿರಲಿಲ್ಲ.

ಹನ್ನೊಂದು ಜನರ ಆ ಗುಂಪಿನಲ್ಲಿ ನಡೆಯುವುದರಲ್ಲಿ ಪಳಗಿದವರು ಒಬ್ಬರೂ ಇರಲಿಲ್ಲ. ಟೈಲರ್ ಮೂವತ್ತು ವರ್ಷ ಮೆಷಿನ್ನಿನ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವನು. ಬೇಕರಿಯಾಕೆ ಅಷ್ಟೇ ವರ್ಷ ಒಲೆಯ ಮುಂದೆ ನಿಂತು ಮಂಡಿ ಸವೆಸಿಕೊಂಡವಳು. ಉಳಿದವರಿಗೂ ಸಕ್ಕರೆಯೋ, ರಕ್ತದೊತ್ತಡವೋ, ಬಟ್ಟೆಗೆ ಸಿಗದ ಹೊಟ್ಟೆಯೋ ಏನಾದರೊಂದು ಇದ್ದೇ ಇತ್ತು. ಇವರನ್ನೆಲ್ಲ ಪ್ರತಿ ಗುರುವಾರ ಒಂದು ಕಡೆ ಸೇರಿಸಿ ನಡೆಸುವ ಜವಾಬ್ದಾರಿ ಹೊತ್ತವರು ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟು ಎಂಟು ವರ್ಷವಾಗಿದ್ದರೂ ಅವರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ.

ಸೈರನಮ್ಮನದು ಸಕ್ಕರೆ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದಲ್ಲಿದ್ದ ಮಗಳು, ತಾಯಿಯ ಚೀಟಿಯನ್ನು ತಾನೇ ಓದಿ, ತಾನೇ ಗಾಬರಿಯಾಗಿ, ತಾನೇ ಬೂಟು ತಂದು, ಜೊತೆಗೆ ತಾನೂ ಗುಂಪಿಗೆ ಸೇರಿದ್ದಳು. ಹಿಂದಿನ ಎರಡು ವಾರ ಉದ್ಯಾನವನದಲ್ಲಿ ನಡೆದದ್ದಾಗಿತ್ತು. ಈ ವಾರ ನದಿ ದಂಡೆ ಎಂದು ತಿಳಿದಾಗ ಸೈರನಮ್ಮ ಹೊಟ್ಟೆನೋವು ಎಂದು ನೋಡಿದಳು, ತಲೆನೋವು ಎಂದೂ ನೋಡಿದಳು. ಮಗಳು ಜಗ್ಗಲಿಲ್ಲ. "ಅಪ್ಪ ಹೋಗಿ ಎರಡು ವರ್ಷ ಆಯ್ತಮ್ಮ. ಇನ್ನೂ ಅವರ ಹೆದರಿಕೇನ ನೀನು ಹೊತ್ಕೊಂಡು ತಿರುಗ್ಬೇಡ," ಎಂದಿದ್ದಳು.

ಹೆದರಿಕೆ ಗಂಡನದೇ ಆಗಿತ್ತು, ಅದು ನಿಜ. ಆತ ನದಿಯ ಮೇಲ್ಗಡೆಯ ಅಣೆಕಟ್ಟಿನಲ್ಲಿ ಮೂವತ್ತೊಂದು ವರ್ಷ ಗೇಟಿನ ಕೆಲಸ ಮಾಡಿದವನು. ಗೇಟು ಎತ್ತುವ ಮೊದಲು ಸೈರನ್ ಕೂಗಿಸುವುದೂ ಆತನ ಪಾಲಿನದೇ. ಕ್ವಾರ್ಟರ್ಸಿನ ಹೆಂಗಸರು ಆತನಿಗೆ ಅಡ್ಡಹೆಸರಿಡಲು ಧೈರ್ಯ ಸಾಲದೆ ಹೆಂಡತಿಗೆ ಇಟ್ಟರು. ಅವತ್ತಿನಿಂದ ಆಕೆ ಸೈರನಮ್ಮ. ಮದುವೆಯಾದ ಎರಡನೇ ವರ್ಷ, ಕೆಳಗೆ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರಿಬ್ಬರು ಸೈರನ್ ಕೇಳಿಯೂ ಗಾಳ ಸುತ್ತಿಕೊಳ್ಳುತ್ತ ಕೂತು ನೀರುಪಾಲಾದರು. ಅವತ್ತು ಮನೆಗೆ ಬಂದ ಗಂಡ ತಟ್ಟೆಯೊಳಗೆ ಕೈಯಿಟ್ಟುಕೊಂಡು ಅನ್ನ ಕಲಸುತ್ತಲೇ ಇದ್ದ. ಆಮೇಲೆ, "ಒಂದು ಗಾಳಕ್ಕೆ ಎಷ್ಟು ಬೆಲೆ ಇರುತ್ತೆ?" ಎಂದಷ್ಟೇ ಕೇಳಿದ. ಆಕೆ ಆಮೇಲೆ ಇಪ್ಪತ್ತೊಂಬತ್ತು ವರ್ಷ ನದಿಯ ಮಗ್ಗುಲಲ್ಲೇ ಸಂಸಾರ ಮಾಡಿದಳು, ಒಂದು ದಿನವೂ ಅದರಲ್ಲಿ ಕಾಲು ಅದ್ದಲಿಲ್ಲ.

ದಾರಿಯ ಬಾಗಿಲಲ್ಲೇ ಒಂದು ಬೋರ್ಡಿತ್ತು. ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಓದಿದಂತೆ ಗಟ್ಟಿಯಾಗಿ ಓದಿದ್ದರು. ಮೊದಲು ಹಸಿರು ಅಕ್ಷರ: ಸುಲಭ ದಾರಿ, ಹೊಸಬರಿಗೂ ಹಿರಿಯರಿಗೂ ತಕ್ಕದ್ದು, ಜಲಪಾತ ನೋಡಿ ಹಿಂತಿರುಗಲು ಎರಡು ಗಂಟೆ. ಕೆಳಗೆ ಕೆಂಪು ಅಕ್ಷರ: ಸೈರನ್ ಕೇಳಿದ ಕೂಡಲೇ ನೀರು ಬಿಟ್ಟು ಎತ್ತರದ ಜಾಗಕ್ಕೆ ಹೋಗಿ. "ಕೇಳಿಸ್ತಾ ಎಲ್ಲರಿಗೂ?" ಎಂದು ಮೇಷ್ಟ್ರು ಕೇಳಿದಾಗ ಟೈಲರ್, "ಕೇಳಿಸ್ತು ಸಾರ್," ಎಂದು ಮಕ್ಕಳ ರಾಗ ಎಳೆದಿದ್ದ.

ಬೋರ್ಡಿನ ಮುಂದೆ ನಿಂತಾಗ ಮಗಳು ತಾಯಿಯ ಕಡೆ ತಿರುಗಿ ನಕ್ಕಿದ್ದಳು. "ಕಲ್ಲಾಟ ನೆನಪಿದೆಯಾ ಅಮ್ಮ?"

ನೆನಪಿಲ್ಲದೆ ಏನು? ಆಗ ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ನಿನ ಪರೀಕ್ಷೆ ನಡೆಯುತ್ತಿತ್ತು. ಮೊದಲು ಒಂದು ಉದ್ದ ಕೂಗು, ಎಂದರೆ ಗೇಟು ಎತ್ತುತ್ತಿದ್ದೇವೆ. ಕೊನೆಗೆ ಒಂದು ಚಿಕ್ಕ ಕೂಗು, ಎಂದರೆ ಗೇಟು ಇಳಿಸಿದ್ದಾಯಿತು. ನಿಜವಾಗಿ ನೀರು ಬಿಟ್ಟ ದಿನ ಎರಡರ ನಡುವೆ ನಾಲ್ಕೈದು ಗಂಟೆ ಕಳೆಯುತ್ತಿತ್ತು. ಪರೀಕ್ಷೆಯ ದಿನ ನೂರು ಎಣಿಸುವಷ್ಟರಲ್ಲಿ ಚಿಕ್ಕದೂ ಬಂದುಬಿಡುತ್ತಿತ್ತು. "ಚಿಕ್ಕದು ಬರೋವರೆಗೂ ಯಾವ ಗುರುವಾರವನ್ನೂ ನಂಬಬೇಡ," ಎಂದು ಗಂಡ ಹೇಳಿದ್ದನ್ನು ಆಕೆ ಶಿರಸಾವಹಿಸಿ ಪಾಲಿಸಿದಳು. ಉದ್ದದ್ದು ಕೇಳಿದಾಗ ಕೈಯಲ್ಲಿ ಸೌಟಿದ್ದರೆ ಸೌಟು, ಪೊರಕೆಯಿದ್ದರೆ ಪೊರಕೆ, ಹಿಡಿದದ್ದನ್ನು ಹಿಡಿದ ಹಾಗೇ ನಿಲ್ಲುತ್ತಿದ್ದಳು. ಮಗಳು ಅದನ್ನೇ ಆಟ ಮಾಡಿಕೊಂಡಳು. ಉದ್ದ ಕೂಗಿಗೆ ಕಲ್ಲಾಗುವುದು, ತುಟಿಯಲ್ಲೇ ಎಣಿಸುವುದು, ಚಿಕ್ಕ ಕೂಗಿಗೆ ಜೀವ ಬರುವುದು. ಅಲುಗಿದವರು ಸೋತಂತೆ. ತಾಯಿ ಮಗಳಲ್ಲಿ ಒಬ್ಬರೂ ಸೋತದ್ದಿಲ್ಲ.

ದಾರಿ ಕೊನೆಗೂ ಮುಗಿದು ಮೆಟ್ಟಿಲು ಬಂತು. ಮೇಲೊಂದು ತಗಡಿನ ಮಾಡಿನ ತಂಗುದಾಣ. ಅಲ್ಲಿಂದ ಮೂವತ್ತಾರು ಮೆಟ್ಟಿಲು ಇಳಿದರೆ ಜಲಪಾತದ ಬುಡ. ಜಲಪಾತವೇನೂ ಭಾರಿಯಲ್ಲ. ಎರಡಾಳೆತ್ತರದಿಂದ ಮೂರು ಸೀಳಾಗಿ ಬಿದ್ದು, ಕೆಳಗೆ ಮೊಣಕಾಲುದ್ದದ ತಿಳಿನೀರಿನ ಮಡುವಾಗಿ, ಉರುಟು ಕಲ್ಲುಗಳ ನಡುವೆ ನುಸುಳಿ ಹೋಗುತ್ತಿತ್ತು. ಮಡುವಿನ ನಡುವೆ ನಾಲ್ಕು ಜನ ಕೂರುವಷ್ಟು ಅಗಲದ ಚಪ್ಪಟೆ ಬಂಡೆ. ದಡದಿಂದ ಅಲ್ಲಿಗೆ ಆರು ಕಲ್ಲು ದಾಟಿ ಹೋಗಬೇಕು. ಫೋಟೋ ಚೆನ್ನಾಗಿ ಬರುವುದು ಅಲ್ಲಿಂದಲೇ ಎಂದು ಯಾರೋ ಹೇಳಿದ್ದೇ ತಡ, ಬೇಕರಿಯಾಕೆಗೆ ಆಸೆ ಹುಟ್ಟಿತು. ಮುಂದೆ ಮಗಳು, ಹಿಂದೆ ಮೇಷ್ಟ್ರು, ನಡುವೆ ಆಕೆ, 'ಅಯ್ಯೋ', 'ಅಮ್ಮಾ', 'ಬಿಡಬೇಡಿ' ಎನ್ನುತ್ತ ಆರು ಕಲ್ಲು ದಾಟುವಷ್ಟರಲ್ಲಿ ಹತ್ತು ನಿಮಿಷವಾಯಿತು. ಅವಳನ್ನು ದಾಟಿಸಿದ ಮೇಷ್ಟ್ರು ದಡಕ್ಕೆ ವಾಪಸಾದರು. ಮಗಳು ಅಲ್ಲೇ ಉಳಿದು ಜೇಬಿನಿಂದ ಕಿತ್ತಳೆ ತೆಗೆದಳು.

ಸೈರನಮ್ಮ ಕೆಳಗಿನಿಂದ ಹತ್ತನೆಯ ಮೆಟ್ಟಿಲಿನಲ್ಲಿ ಕೂತಿದ್ದಳು. ಅದಕ್ಕಿಂತ ಕೆಳಗೆ ಇಳಿಯಲು ಕಾಲು ಒಪ್ಪಲಿಲ್ಲ. ಮಗಳ ಸುತ್ತ ನಾಲ್ಕೂ ಕಡೆ ನೀರು ಹರಿಯುತ್ತಿದ್ದುದನ್ನು ನೋಡಲಾರಳು, ನೋಡದೆಯೂ ಇರಲಾರಳು. ಕರೆದರೆ ಎಲ್ಲರೆದುರು ನಗೆಪಾಟಲು.

ಆಗ ಸೈರನ್ ಕೂಗಿತು.

ಎದುರು ದಡದ ಕಂಬದ ಮೇಲಿನ ಕಹಳೆಯಿಂದ ಬಂದ ಆ ಸದ್ದು ಮೊದಲು ಗೊಗ್ಗರಾಗಿ ಎದ್ದು, ಏರಿ, ಏರಿದಲ್ಲೇ ನಿಂತಿತು. ಟೈಲರನ ಕೈಯ ಬಿಸ್ಕತ್ತು ಕೆಳಗೆ ಬಿತ್ತು. ಮೇಷ್ಟ್ರು ಒಂದು ಕ್ಷಣವೂ ತಡಮಾಡದೆ ಸೀಟಿ ಊದಿದರು. "ಎಲ್ಲರೂ ಮೇಲೆ! ಸಾಮಾನು ಬಿಡಿ! ಮೇಲೆ, ಮೇಲೆ!" ದಡದಲ್ಲಿದ್ದವರು ದಡಬಡ ಎದ್ದರು. ಬಂಡೆಯ ಮೇಲಿದ್ದ ಬೇಕರಿಯಾಕೆ ಕಿರುಚಿ ಮಗಳ ತೋಳು ಹಿಡಿದಳು.

ವಿಚಿತ್ರವೆಂದರೆ, ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಸೈರನಮ್ಮನ ಹೆದರಿಕೆ ಆ ಸದ್ದು ಕೇಳಿದ್ದೇ ಇಳಿದುಹೋಯಿತು. ಅದು ಆಕೆಯ ಅಡುಗೆಮನೆಯ ಸದ್ದು. ಗುರುವಾರದ ಸದ್ದು. ಆಚೆ ತುದಿಯಲ್ಲಿ ಗಂಡ ಗುಂಡಿ ಒತ್ತಿಕೊಂಡು ನಿಂತಿದ್ದಾನೆ ಎಂದರೆ ಈಚೆ ತುದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳುವ ಸದ್ದು.

"ಅಯ್ಯೋ, ಓಡಬೇಡಿ!" ಎಂದು ಆಕೆ ಎದ್ದು ನಿಂತು ಕೈ ಬೀಸಿದಳು. "ಇವತ್ತು ಗುರುವಾರ ಅಲ್ವಾ! ಇದು ಪರೀಕ್ಷೆ! ಗುರುವಾರ ಹನ್ನೊಂದಕ್ಕೆ ಕೂಗಿಸ್ತಾರೆ!"

ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು ಕೈಗಡಿಯಾರ ನೋಡಿದರು. "ಹನ್ನೊಂದಾಗೋಕೆ ಇನ್ನೂ ಹತ್ತು ನಿಮಿಷ ಇದೆಯಲ್ಲಮ್ಮ."

"ನಿಮ್ಮ ಗಡಿಯಾರ ಹಿಂದೆ ಇದೆ ಸಾರ್," ಎಂದಳು ಸೈರನಮ್ಮ, ಎಳ್ಳಷ್ಟೂ ಅನುಮಾನವಿಲ್ಲದೆ. "ಈ ಕೂಗಿಗೆ ನಾವು ಗಡಿಯಾರ ತಿದ್ಕೊಳ್ತಿದ್ವಿ. ಮೂವತ್ತೊಂದು ವರ್ಷ ನಮ್ಮನೆಯವರೇ ಒತ್ತಿದ್ದು. ನನಗೆ ಗೊತ್ತಿಲ್ವಾ?"

ಆಕೆಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಬೆಳಗಿನಿಂದ ಬಂಡೆಗೆ ಅಂಟಿಕೊಂಡು ಬಂದ ಹೆಂಗಸೇ ಹೀಗೆ ಎದೆಯುಬ್ಬಿಸಿ ನಿಂತ ಮೇಲೆ ಮಾತೇನು? ದಡದವರು ನಿಟ್ಟುಸಿರು ಬಿಟ್ಟು ಮತ್ತೆ ಕೂತರು. ಮೇಷ್ಟ್ರು ತುಸು ಪೆಚ್ಚಾಗಿ ನಕ್ಕು, ಗಡಿಯಾರದ ಮುಳ್ಳನ್ನು ಹನ್ನೊಂದಕ್ಕೆ ತಿರುಗಿಸಿಕೊಂಡರು. ಕೂಗು ನಿಧಾನವಾಗಿ ಇಳಿದು ನಿಂತಿತು.

"ಸೈರನ್ ಮನೆತನದವರು ಅಂತ ಮೊದಲೇ ಹೇಳಬಾರದಿತ್ತಾ!" ಎಂದು ಟೈಲರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. "ಬನ್ನಿ ಅಮ್ಮ, ಕೆಳಗೆ ಬನ್ನಿ. ಇವತ್ತಿನ ಮೊದಲ ಕಪ್ಪು ನಿಮಗೆ."

ಸೈರನಮ್ಮ ಇಳಿದಳು. ಒಂದು, ಎರಡು, ಮೂರು, ಹತ್ತೂ ಮೆಟ್ಟಿಲು. ಇಷ್ಟು ಸುಲಭವಾ ಎಂದು ತನ್ನ ಮೇಲೆ ತನಗೇ ನಗು ಬಂತು. ಗಂಡ ಪಕ್ಕದಲ್ಲೇ ಇಳಿದು ಬರುತ್ತಿದ್ದಾನೇನೋ ಎನಿಸಿ ಕಣ್ಣು ಹನಿಗೂಡಿತು. ನೀರಿನ ಅಂಚಿನ ಕಲ್ಲಿನ ಮೇಲೆ ಕೂತು ಕಪ್ಪು ತೆಗೆದುಕೊಂಡಳು. ಚಹಾ ಬಿಸಿಯಾಗಿತ್ತು. ಟೈಲರ್ ತನ್ನ ಮಾವನ ಊರಿನ ಸೈರನ್ನಿನ ಕಥೆ ಏನೋ ಹೇಳುತ್ತಿದ್ದ. ಆಕೆ ಕಪ್ಪನ್ನು ತುಟಿಯ ಹತ್ತಿರ ಒಯ್ದಳು.

ಕಪ್ಪು ತುಟಿ ಮುಟ್ಟಲಿಲ್ಲ. ಕೈ ಅರ್ಧದಲ್ಲೇ ನಿಂತಿತ್ತು. ಆಕೆ ನಿಲ್ಲಿಸಿರಲಿಲ್ಲ, ಅದೇ ನಿಂತಿತ್ತು. ಯಾಕೆ ಎಂದು ಕಪ್ಪನ್ನು ನೋಡಿದಳು. ಆಮೇಲೆ ತಲೆಯೆತ್ತಿ ಬಂಡೆಯ ಕಡೆ ನೋಡಿದಳು.

ಮಗಳು ಬಂಡೆಯ ಮೇಲೆ ಅಲುಗದೆ ನಿಂತಿದ್ದಳು. ಎಡಗೈಯಲ್ಲಿ ಅರ್ಧ ಸುಲಿದ ಕಿತ್ತಳೆ, ಬಲಗೈಯ ಹೆಬ್ಬೆರಳು ಸಿಪ್ಪೆಯೊಳಗೆ. ಪಕ್ಕದಲ್ಲಿ ಬೇಕರಿಯಾಕೆ ಏನೋ ಹೇಳಿ ನಗುತ್ತಿದ್ದಳು. ಮಗಳು ನಗುತ್ತಿರಲಿಲ್ಲ. ಅವಳ ತುಟಿಗಳು ಮಾತ್ರ ಸಣ್ಣಗೆ ಆಡುತ್ತಿದ್ದವು. ಮೂವತ್ತೆಂಟು ವರ್ಷದ ಹೆಂಗಸು, ದಿನವೂ ಹತ್ತಾರು ಜನರ ರಕ್ತ ತೆಗೆಯುವವಳು, ತನಗೇ ಅರಿವಿಲ್ಲದಂತೆ ಎಣಿಸುತ್ತಿದ್ದಳು.

ಎಷ್ಟಾಗಿದೆ? ಸೈರನಮ್ಮನೂ ಎಣಿಸಿಕೊಂಡು ಬಂದಿದ್ದಳೆಂದು ಈಗ ಆಕೆಗೆ ತಿಳಿಯಿತು. ತೊಂಬತ್ತೆಂಟು. ತೊಂಬತ್ತೊಂಬತ್ತು. ನೂರು. ಜಲಪಾತ ಸುರಿಯುತ್ತಿತ್ತು. ನೂರಾ ಹತ್ತು. ಹೊಸ ಆಳು ನಿಧಾನವೇನೋ. ನೂರಾ ಇಪ್ಪತ್ತು. ಚಿಕ್ಕದು ಬಂದಿದ್ದರೆ? ಅದು ಐದು ಎಣಿಸುವಷ್ಟು ಹೊತ್ತಿನದು, ನೀರಿನ ಸದ್ದಿನಲ್ಲಿ ತನಗೆ ಕೇಳಿಸದೇ ಹೋಗಿದ್ದರೆ? ನೂರಾ ಮೂವತ್ತು. ಆಗ ಮಗಳು ತಲೆಯೆತ್ತಿದಳು. ತಾಯಿ ಮಗಳ ಕಣ್ಣು ಕೂಡಿತು. ಇಬ್ಬರಿಗೂ ಕೇಳಿಸಿರಲಿಲ್ಲ.

ಬೆಳಗಿನಿಂದ ಪಟ್ಟದ್ದು ಹೆದರಿಕೆಯೇ ಅಲ್ಲ ಎನ್ನುವಂಥ ಹೆದರಿಕೆ ಸೈರನಮ್ಮನ ಅಂಗಾಲಿನಿಂದ ಹತ್ತಿ ಬಂತು. ಮೇಷ್ಟ್ರು ಎಬ್ಬಿಸಿದ್ದರು. ಎದ್ದವರನ್ನು ಕೂರಿಸಿದವಳು ತಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತನ್ನು ಈಗ ಹತ್ತು ಜನರ ಕಿವಿಯಿಂದ ಹೇಗೆ ಹೊರಗೆ ತೆಗೆಯುವುದು? ಇದು ಪರೀಕ್ಷೆಯೇ ಆಗಿದ್ದು ಚಿಕ್ಕದು ಕೇಳಿಸದೇ ಹೋಗಿದ್ದರೆ ಪುಕ್ಕಲಿ ಎಂಬ ಹೆಸರು ಸಾಯುವ ತನಕ ಉಳಿಯುತ್ತದೆ. ಅಲ್ಲದಿದ್ದರೆ ಮಗಳು ಉಳಿಯುವುದಿಲ್ಲ.

"ಏಳಿ," ಎಂದಳು. ಕಪ್ಪು ಕೈಯಲ್ಲಿದ್ದಂತೆಯೇ ಎದ್ದು ನಿಂತಳು. "ಏಳಿ! ನಾನು ತಪ್ಪು ಹೇಳಿದೆ. ಎಲ್ಲರೂ ಏಳಿ!"

"ಈಗ ತಾನೇ ಕೂರಿಸಿದ್ರಿ," ಎಂದು ಟೈಲರ್ ನಕ್ಕ. "ಹೆದರೋರ ಮೇಲೆ ಕಪ್ಪೆ ಎಸೆದರಂತೆ. ಯಾಕಮ್ಮ ನಮ್ಮನ್ನ ಆಟ ಆಡಿಸ್ತೀರಾ?"

ಆಕೆ ಕಪ್ಪು ಬಿಸಾಡಿ ನೇರ ಮೇಷ್ಟ್ರ ಬಳಿ ಹೋಗಿ ಅವರ ಕೊರಳಿನ ಸೀಟಿಗೆ ಕೈ ಹಾಕಿದಳು. ದಾರ ಕಿತ್ತು ಬಂತು. ಬಾಯಿಗಿಟ್ಟು ಊದಿದಳು, ಉಸಿರು ಮುಗಿಯುವ ತನಕ, ಒಂದೇ ಉದ್ದ ಕೂಗು. ಮೇಷ್ಟ್ರು ಆಕೆಯ ಮುಖ ನೋಡಿದರು. ಶಾಲೆಯಲ್ಲಿ ಎಷ್ಟೋ ಮಕ್ಕಳ ಮುಖ ಓದಿದ್ದ ಮನುಷ್ಯ. "ಮೇಲೆ!" ಎಂದು ಗುಡುಗಿ, ಹತ್ತಿರದವರನ್ನು ರಟ್ಟೆ ಹಿಡಿದು ಮೆಟ್ಟಿಲಿಗೆ ತಳ್ಳತೊಡಗಿದರು.

ಬಂಡೆಯ ಮೇಲೆ ಬೇಕರಿಯಾಕೆ ಕುಸಿದು ಕೂತುಬಿಟ್ಟಿದ್ದಳು. ಮಗಳು ಕಿತ್ತಳೆಯನ್ನು ಜೇಬಿಗೆ ತುರುಕಿ ಅವಳ ಕಂಕುಳಿಗೆ ಕೈಕೊಟ್ಟು ಎತ್ತಲು ನೋಡುತ್ತಿದ್ದಳು. ಬೇಕರಿಯಾಕೆ ಮೊದಲ ಕಲ್ಲಿನತ್ತ ಕಾಲು ಚಾಚಿ, ಹಿಂದಕ್ಕೆ ಎಳೆದುಕೊಂಡು, "ಆಗಲ್ಲ, ಆಗಲ್ಲ, ನನ್ನ ಮಂಡಿ ಬಗ್ಗಲ್ಲ," ಎಂದು ಅಳತೊಡಗಿದಳು. ಬಿಟ್ಟು ಬಾ ಎಂದು ಕರೆದರೆ ಮಗಳು ಬರುವವಳಲ್ಲ. ಹಾಗೆ ಕರೆಯಲು ಬಾಯಿ ತೆರೆದಿದ್ದೆನಲ್ಲ ಎಂದು ಸೈರನಮ್ಮನಿಗೆ ಆಮೇಲೆ ಎಷ್ಟೋ ದಿನ ನಾಚಿಕೆಯಾಯಿತು.

ಕರೆಯಲಿಲ್ಲ. ಆಕೆಯೇ ಹೋದಳು. ಕಲ್ಲಿನಿಂದ ಕಲ್ಲಿಗೆ ಹಾರುವ ವಯಸ್ಸಲ್ಲ. ಸೀದಾ ನೀರಿಗೇ ಇಳಿದಳು. ತಣ್ಣನೆಯದು ಮೊದಲು ಬೂಟಿನೊಳಗೆ ನುಗ್ಗಿತು, ಆಮೇಲೆ ಮೊಣಕಾಲಿಗೆ ಬಂತು. ಬಂಡೆಯ ಹತ್ತಿರ ಹೋಗಿ ಬೇಕರಿಯಾಕೆಯ ಎರಡೂ ಕೈ ಹಿಡಿದಳು.

"ತಂಗಿ, ಕಲ್ಲು ಬಿಡು. ನೀರಿಗಿಳಿ."

"ಅಕ್ಕಾ, ನಂಗೆ ಭಯ ಆಗುತ್ತೆ."

"ನಂಗೂ ಆಗ್ತಿದೆ. ನೋಡು, ಕೈ ಹೇಗೆ ನಡುಗ್ತಿದೆ. ನಡುಗೋ ಕೈನೇ ಹಿಡ್ಕೋ. ಇಳಿ."

ಬೇಕರಿಯಾಕೆ ಕಣ್ಣುಮುಚ್ಚಿ ಬಂಡೆಯಿಂದ ಜಾರಿದಳು. ಮುಂದೆ ತಾಯಿ, ಹಿಂದೆ ಮಗಳು, ನಡುವೆ ಆಕೆ, ಮೂವರೂ ಮೊಣಕಾಲುದ್ದದ ನೀರಿನಲ್ಲಿ ತಳದ ಕಲ್ಲುಗಳನ್ನು ಪಾದದಿಂದ ತಡಕುತ್ತ ಬಂದರು. ಸೈರನಮ್ಮ ಜಲಪಾತದ ಕಡೆ ನೋಡಲಿಲ್ಲ. ನೋಡಿದರೆ ಕಾಲು ನಿಂತುಬಿಡುತ್ತದೆಂದು ಗೊತ್ತಿತ್ತು. ಒಂದು ಕಡೆ ಬೇಕರಿಯಾಕೆ ಮುಗ್ಗರಿಸಿ ಎದೆಯವರೆಗೂ ಮುಳುಗಿ ಎದ್ದಳು. ಕೈ ಮಾತ್ರ ಬಿಡಲಿಲ್ಲ. ದಡದಲ್ಲಿ ಮೇಷ್ಟ್ರೂ ಟೈಲರನೂ ಅವಳನ್ನು ಮೂಟೆಯಂತೆ ಎಳೆದುಕೊಂಡರು. ಮೂವತ್ತಾರು ಮೆಟ್ಟಿಲನ್ನು ಅವಳು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

ಮೇಲೆ ತಂಗುದಾಣದಲ್ಲಿ ಮೇಷ್ಟ್ರು ತಲೆ ಎಣಿಸಿದರು. ಹನ್ನೊಂದು. ಮತ್ತೊಮ್ಮೆ ಎಣಿಸಿದರು. ಹನ್ನೊಂದೇ.

ಕೆಳಗೆ ಮಡು ಮೊದಲಿನಂತೆಯೇ ಇತ್ತು. ತಿಳಿನೀರು, ಮೂರು ಸೀಳು, ಒಂದು ಪುಟ್ಟ ಹಕ್ಕಿ ಚಪ್ಪಟೆ ಬಂಡೆಯ ಮೇಲೆ ಬಾಲ ಕುಣಿಸುತ್ತಿತ್ತು. ಮೂರು ನಿಮಿಷ ಕಳೆಯಿತು. ಐದು ನಿಮಿಷ ಕಳೆಯಿತು. ಒದ್ದೆಯಾಗಿ ನಡುಗುತ್ತಿದ್ದ ಬೇಕರಿಯಾಕೆ, "ನನ್ನ ಬ್ಯಾಗು ಅಲ್ಲೇ ಇದೆ, ಒಣ ಶಾಲು ಅದರಲ್ಲಿದೆ," ಎಂದಳು. ಯಾರೋ ಗೊಣಗಿದರು. ಯಾರೋ ಕಿಸಕ್ಕೆಂದರು. ಟೈಲರ್ ಎದ್ದು ಪ್ಯಾಂಟು ಕೊಡವಿಕೊಂಡ.

"ಒಂದೇ ಓಟಕ್ಕೆ ಹೋಗಿ ಎಲ್ಲ ತಂದುಬಿಡ್ತೀನಿ. ನನ್ನ ಫ್ಲಾಸ್ಕೂ ಅಲ್ಲೇ ಇದೆ."

ಸೈರನಮ್ಮ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ಮೇಲೆ ಕೂತಿದ್ದಳು. ಎರಡೂ ತೋಳು ಚಾಚಿ ಎರಡು ಬದಿಯ ಕಂಬಿ ಹಿಡಿದಳು. "ಫ್ಲಾಸ್ಕಿಗೆ ಎಷ್ಟು ಬೆಲೆ?" ಎಂದು ಕೇಳಿದಳು.

"ಬೆಲೆ ಪ್ರಶ್ನೆ ಅಲ್ಲಮ್ಮ..."

"ನನ್ನ ದಾಟ್ಕೊಂಡು ಹೋಗಿ, ನೋಡೋಣ."

ಟೈಲರ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕೆಳಗೆ ನೋಡುತ್ತಿದ್ದರು. ಆತ ಅಲ್ಲೇ ನಿಂತ. ಯಾರೂ ಆಕೆಯ ಮಾತು ನಂಬಿದ್ದರೆಂದಲ್ಲ. ನೀರಿನಿಂದೆದ್ದು ಬಂದ ಆ ಅರವತ್ತಾರು ವರ್ಷದ ಹೆಂಗಸನ್ನು ಕೈ ಹಿಡಿದು ಪಕ್ಕಕ್ಕೆ ಸರಿಸುವ ಮನಸ್ಸು ಯಾರಿಗೂ ಬರಲಿಲ್ಲ, ಅಷ್ಟೆ. ಆಕೆಗೂ ಒಳಗೊಳಗೇ ಆಸೆ ಹುಟ್ಟುತ್ತಿತ್ತು: ಏನೂ ಆಗದಿರಲಿ. ನಗಲಿ. ಊರೆಲ್ಲ ನಗಲಿ. ನಾನು ಹುಚ್ಚಿಯೇ ಆಗಿರಲಿ.

ಹಕ್ಕಿ ಮೊದಲು ಹಾರಿತು. ಆಮೇಲೆ ಮೂರು ಸೀಳಿನ ನಡುವಿನ ಕಪ್ಪು ಬಂಡೆ ಕಾಣದಾಯಿತು, ಮೂರೂ ಕೂಡಿ ಒಂದಾಯಿತು. ಅದರ ಬಣ್ಣ ಕದಡಿ ಮಣ್ಣಾಯಿತು. ಸದ್ದು ಕಿವಿಗಿಂತ ಮೊದಲು ಕೂತಿದ್ದ ಮೆಟ್ಟಿಲಿಗೆ ಬಂತು. ಒಂದು ಇಡೀ ಮರದ ಕೊಂಬೆ ಎಲೆಗಳ ಸಮೇತ ಜಲಪಾತದ ತುದಿಯಲ್ಲಿ ಕಾಣಿಸಿ, ಅಡ್ಡಡ್ಡ ತಿರುಗಿ, ಮಡುವಿಗೆ ಬಿತ್ತು. ಆರು ಕಲ್ಲುಗಳು ಒಂದೊಂದಾಗಿ ಹೋಗಲಿಲ್ಲ, ಒಟ್ಟಿಗೇ ಹೋದವು. ಚಪ್ಪಟೆ ಬಂಡೆಯ ಮೇಲೆ ನೀರು ಒಮ್ಮೆ ಹಾಸಿ, ಹಿಂದೆ ಸರಿದು, ಮತ್ತೆ ಬಂದಾಗ ಅಲ್ಲಿ ಬಂಡೆಯಿತ್ತೆಂದು ಹೇಳಲು ಗುರುತಿರಲಿಲ್ಲ. ಟೈಲರನ ನೀಲಿ ಫ್ಲಾಸ್ಕು ಒಂದು ಸಲ ಮೇಲೆದ್ದು ಹೊಳೆದು ಹೋಯಿತು. ನೀರು ಒಂದು ಮೆಟ್ಟಿಲು ಹತ್ತಿತು, ಐದು ಹತ್ತಿತು, ಹತ್ತು ಹತ್ತಿತು. ಹದಿನಾಲ್ಕನೆಯದರಲ್ಲಿ ನಿಂತಿತು.

ಮೇಲಿನ ಗುಡ್ಡದ ಕಡೆಯಿಂದ ದಾರಿ ಕಾಯುವವನು ಏದುಸಿರು ಬಿಡುತ್ತ ಇಳಿದು ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಎಲ್ಲರನ್ನೂ ಬೆರಳು ಮಾಡಿ ಎಣಿಸಿ ಬೆಂಚಿನ ಮೇಲೆ ದೊಪ್ಪೆಂದು ಕೂತ. ರಾತ್ರಿ ಮೇಲ್ಗಡೆ ವಿಪರೀತ ಮಳೆಯಂತೆ. ಕೆಳಗಿನ ದಾರಿ ಎರಡು ಕಡೆ ಮುಳುಗಿದೆ, ಗೇಟು ಇಳಿಸುವ ತನಕ ಇಲ್ಲೇ ಇರಬೇಕು.

"ಗುರುವಾರದ ಪರೀಕ್ಷೆ..." ಎಂದಳು ಸೈರನಮ್ಮ.

"ಅದು ಯಾವ ಕಾಲದ್ದಮ್ಮ? ಹೊಸ ಮೆಷಿನ್ ಬಂದು ಎರಡು ವರ್ಷ ಆಯ್ತು. ಈಗ ತಿಂಗಳಿಗೊಂದು ಸಲ, ಮೊದಲನೇ ಸೋಮವಾರ."

ಎರಡು ವರ್ಷ. ಆಕೆ ತಲೆದೂಗಿದಳು. ಮೇಷ್ಟ್ರು ಎಲ್ಲರಿಗೂ ಬೆನ್ನು ಮಾಡಿ ನಿಂತು ಗಡಿಯಾರದ ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸುತ್ತಿದ್ದುದು ಆಕೆಗೆ ಕಾಣಿಸಿತು. ಬೇಕರಿಯಾಕೆ ಮೇಷ್ಟ್ರ ಕೋಟು ಹೊದ್ದು ಮೂಲೆಯಲ್ಲಿ ಮುದುಡಿಕೊಂಡಿದ್ದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಅಕ್ಕಾ," ಎಂದಳು ಅವಳು, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆನ್ನುವಂತೆ. "ಮೊದಲು ಯಾಕೆ ಸುಮ್ನೆ ಕೂತ್ಕೊಳ್ಳಿ ಅಂದ್ರಿ?"

ಸೈರನಮ್ಮ ಬಾಯಿ ತೆರೆದಳು. ಆ ಸದ್ದು ಕೇಳಿ ನನಗೆ ಧೈರ್ಯ ಬಂತು ಎಂದು ಹೇಳಬೇಕಿತ್ತು. ಹಾಗೆ ಹೇಳಲು ಹೇಗೆ ಸಾಧ್ಯ? "ತಪ್ಪಾಯ್ತು ತಂಗಿ," ಎಂದಳು.

ಮಧ್ಯಾಹ್ನ ಕಳೆಯಿತು. ಒಬ್ಬರ ಚೀಲದಲ್ಲಿದ್ದ ಬ್ರೆಡ್ಡನ್ನು ಹನ್ನೆರಡು ಪಾಲು ಮಾಡಿ ತಿಂದರು. ಒಬ್ಬಿಬ್ಬರು ಬೆಂಚಿಗೊರಗಿ ತೂಕಡಿಸಿದರು. ಮಗಳು ತಾಯಿಯ ಬೂಟು ಬಿಚ್ಚಿ, ನೀರು ಸುರಿದು, ಕಾಲ್ಚೀಲ ಹಿಂಡಿ ಕಂಬಿಯ ಮೇಲೆ ಹರವಿದಳು. ಬಿಳಿಚಿಕೊಂಡಿದ್ದ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟು ತಿಕ್ಕಿದಳು. ಆಗ ಸೈರನಮ್ಮ ತಾನು ನದಿಗಿಳಿದಿದ್ದನ್ನು ಮೊದಲ ಸಲ ನೆನೆದಳು. ನೆನೆದ ಮೇಲೆ ಮೈ ನಡುಕ ಶುರುವಾಗಿ ನಿಲ್ಲಲೇ ಇಲ್ಲ. ಮಗಳು ಪಕ್ಕಕ್ಕೆ ಸರಿದು ಒತ್ತಿ ಕೂತಳು. ಜೇಬಿನಲ್ಲಿ ಏನೋ ಒತ್ತುತ್ತಿತ್ತೆಂದು ಕೈ ಹಾಕಿದಾಗ ಅರ್ಧ ಸುಲಿದ ಕಿತ್ತಳೆ ಸಿಕ್ಕಿತು. ಹಾಗೇ ಹಿಡಿದುಕೊಂಡು ಕೂತಳು.

"ತಿನ್ನೇ. ಆ ಚೂರು ಬ್ರೆಡ್ಡು ಬಿಟ್ರೆ ಬೆಳಗಿನಿಂದ ಏನೂ ತಿಂದಿಲ್ಲ ನೀನು," ಎಂದಳು ತಾಯಿ.

ಮಗಳು ಇಲ್ಲವೆಂದು ತಲೆಯಾಡಿಸಿದಳು. ಕೆಳಗೆ ನೀರು ಕಂದು ಬಣ್ಣದಲ್ಲಿ ಉರುಳುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ, ಅಲುಗದೆ ಕೂತರು.

ಬಿಸಿಲು ಗುಡ್ಡದ ಆಚೆಗೆ ಜಾರುವ ಹೊತ್ತಿಗೆ ಎದುರು ದಡದ ಕಂಬದಿಂದ ಸೈರನ್ ಎದ್ದಿತು. ಎಲ್ಲರೂ ಬೆಚ್ಚಿ ನಿಂತರು. ಒಂದು, ಎರಡು, ಮೂರು, ನಾಲ್ಕು, ಐದು. ಅಷ್ಟಕ್ಕೇ ನಿಂತಿತು.

ಮಗಳ ಹೆಬ್ಬೆರಳು ಸಿಪ್ಪೆಯೊಳಗೆ ಸರಿಯಿತು. ಬಿಟ್ಟಿದ್ದ ಕಡೆಯಿಂದ ಮತ್ತೆ ಸುಲಿಯತೊಡಗಿದಳು. ಪೂರ್ತಿ ಸುಲಿದು, ಎರಡು ಹೋಳು ಮಾಡಿ, ಒಂದನ್ನು ತಾಯಿಯ ಅಂಗೈಯಲ್ಲಿಟ್ಟಳು.